ಗುರುವಾರದ ಸೆಳೆತ

ಈಗ ನಾನು ಹೇಳುವುದನ್ನು ನೀವು ನಂಬುವುದಿಲ್ಲ, ಬೇಕಾದರೆ ಪಂಥ ಕಟ್ಟಿ. ನಂಬಲೇಬೇಡಿ, ನನ್ನ ಗಂಟೇನೂ ಹೋಗುವುದಿಲ್ಲ. ಎಪ್ಪತ್ತಮೂರು ವರ್ಷದಲ್ಲಿ ನನ್ನನ್ನು ನಂಬಿದವರಿಗೆ ಆದ ಫಜೀತಿ ಅರ್ಧ ಪುಣೆಗೆ ಗೊತ್ತು. ಆದರೂ ಕೇಳಿ. ಈ ಊರಿನಲ್ಲಿ ಒಬ್ಬರು ಹನ್ನೊಂದು ವರ್ಷ ಒಂದು ಕಾಲೇಜಿನ ನೆಲಮಾಳಿಗೆಯಲ್ಲಿ ಕೂತು ಭೂಮಿಯನ್ನು ತೂಗುತ್ತಿದ್ದರು. ಆ ತಕ್ಕಡಿಯನ್ನು ನಾನು ಮುಟ್ಟದೆ, ನೂಕದೆ, ಊದದೆ, ದಪ್ಪ ಕಲ್ಲುಗೋಡೆಯ ಆಚೆ ಬದಿಗೆ ಚಾಪೆ ಹಾಸಿ ಮಲಗಿಕೊಂಡೇ ತಿರುಗಿಸಿದ್ದೇನೆ. ಮಂತ್ರವಿಲ್ಲ, ಅಯಸ್ಕಾಂತವಿಲ್ಲ. ಬರೀ ಮಲಗಿದ್ದೆ. ಇಂಥ ಕೆಲಸ ಮಾಡಿದ ಇನ್ನೊಬ್ಬ ಮಿಸ್ತ್ರಿ ಇದ್ದರೆ ಕರೆದುಕೊಂಡು ಬನ್ನಿ, ಅವನ ಕಾಲಿಗೆ ಬೀಳುತ್ತೇನೆ.

ಅವರು ಹೋದ ತಿಂಗಳು ತೀರಿಕೊಂಡರು. ಸ್ವಾರ್‌ಗೇಟಿನ ಹತ್ತಿರ ಹೋಟೆಲು ನಡೆಸುವ ಅವರ ತಮ್ಮನ ಮಗ ಫೋನು ಮಾಡಿ ಹೇಳಿದ. ಹದಿಮೂರನೆಯ ದಿನದ ಊಟಕ್ಕೆ ಹೋಗಿದ್ದೆ. ಆ ಹುಡುಗ, ಹುಡುಗ ಏನು ಬಂತು, ನಲವತ್ತು ದಾಟಿದವನು, ಪಾಯಸ ಬಡಿಸುತ್ತ ನನ್ನ ಎದುರು ಕುಕ್ಕರಗಾಲಿನಲ್ಲಿ ಕೂತ.

“ಅಂಕಲ್, ನೀವಾದ್ರೂ ಹೇಳಿ. ನಮ್ಮ ದೊಡ್ಡಪ್ಪ ಅಷ್ಟು ವರ್ಷ ಎಂತ ಮಾಡ್ತಿದ್ರು? ನಮ್ಮಪ್ಪನ ಹತ್ರ ಕೇಳಿದ್ರೆ, ಅಣ್ಣ ಏನೋ ತೂಗ್ತಾನೆ ಅಂತಿದ್ರು ಅಷ್ಟೇ.”

“ಭೂಮಿ ತೂಗ್ತಿದ್ರಪಾ.”

“ಸುಮ್ನಿರಿ ಅಂಕಲ್. ಇವತ್ತು ಕೂಡ ನಿಮ್ಮ ಗಮ್ಮತ್ತಾ?”

ನೋಡಿ, ನನ್ನ ಹಣೆಬರಹ. ಎಂದಾದರೊಮ್ಮೆ ನಿಜ ಹೇಳಿದರೆ ಜನ ನಗುತ್ತಾರೆ. ಅದಕ್ಕೇ ಬರೆದಿಡುತ್ತಿದ್ದೇನೆ. ಅವರ ಹೆಸರು ಬರೆಯುವುದಿಲ್ಲ. ಬದುಕಿದ್ದಾಗಲೂ ಅವರು ತಮ್ಮ ಬಾಗಿಲಿನ ಮೇಲೆ ಹೆಸರು ಹಾಕಿಸಲಿಲ್ಲ. ನಾವೆಲ್ಲ ಕರೆಯುತ್ತಿದ್ದುದು ಬರೀ ‘ಸರ್’ ಅಂತ. ನನ್ನ ವಿಜಯಪುರದ ಬಾಯಲ್ಲಿ ಅದು ‘ಸರ’.

ನಾನು ಆ ಕಾಲೇಜಿನ ಭೌತಶಾಸ್ತ್ರ ವಿಭಾಗದ ವರ್ಕ್‌ಶಾಪಿನಲ್ಲಿದ್ದೆ. ಮನೆ ಯೆರವಡಾದಲ್ಲಿ. ಯೆರವಡಾ ಅಂದಕೂಡಲೇ ಹೊಸಬರು ನನ್ನ ಮುಖ ನೋಡಿ “ಜೈಲಿನ ಒಳಗೋ, ಹೊರಗೋ?” ಅನ್ನುತ್ತಾರೆ. “ಒಳಗ ನಾಕು ವರ್ಷ, ಉಳಿದದ್ದು ಹೊರಗ” ಅಂತ ಹೇಳಿ ಅವರ ಕೈಯ ಚಹಾ ನಡುಗುವುದನ್ನು ನೋಡುವುದು ನನಗೆ ಬಲು ಇಷ್ಟ. ಲೇತಿನ ಮೇಲೆ ನನ್ನ ಕೈ ಹೇಗಿತ್ತು ಅಂತ ನಾನೇ ಹೇಳಿದರೆ ಜಂಬ ಅಂತೀರಿ. ಜಂಬವೇ ಸರಿ. ನಾನು ಕೊರೆದ ಸ್ಕ್ರೂ ಹಿಡಿದು ನೋಡಿ ಒಬ್ಬ ಜರ್ಮನಿಯವನು “ಇದು ಯಾವ ಕಂಪನಿಯದು?” ಅಂತ ಕೇಳಿದ್ದ. ಬಿಡುವಿದ್ದಾಗ ಕೀಟಲೆ. ಪ್ರಿನ್ಸಿಪಾಲರ ಕುರ್ಚಿಯ ಒಂದು ಕಾಲನ್ನು ತಿಂಗಳಿಗೊಮ್ಮೆ ಕಾಗದದ ದಪ್ಪದಷ್ಟು ಅರ ಹಾಕಿ ಉಜ್ಜುತ್ತಿದ್ದೆ. ವರ್ಷ ತುಂಬುವಷ್ಟರಲ್ಲಿ ಅವರು ತಲೆ ತಿರುಗುತ್ತದೆ ಅಂತ ಕಿವಿ ಡಾಕ್ಟರ ಹತ್ತಿರ ಹೋಗಿಬಂದರು. ಆಮೇಲೆ ನಾನೇ ಹೋಗಿ ಕಾಲು ಹಿಡಿದು ಹೇಳಿದೆ, ಅವರದೂ ಕುರ್ಚಿಯದೂ. ಬೈದರು, ನಕ್ಕರು, ಚಹಾ ತರಿಸಿದರು. ಕೀಟಲೆ ಮಾಡುವವನಿಗೆ ಗುಟ್ಟು ಒಡೆಯುವ ಗಳಿಗೆ ಗೊತ್ತಿರಬೇಕು, ಸಿಕ್ಕಿಬಿದ್ದವನೂ ನಗಬೇಕು. ಈ ವಿದ್ಯೆಯಲ್ಲಿ ನನ್ನನ್ನು ಮೀರಿಸಿದವರಿಲ್ಲ ಅಂದುಕೊಂಡಿದ್ದೆ.

ಸರ್ ನನ್ನ ವರ್ಕ್‌ಶಾಪಿಗೆ ಮೊದಲ ಸಲ ಬಂದದ್ದು ಕೈಯಲ್ಲಿ ಒಂದು ನಕ್ಷೆ ಹಿಡಿದು. ಎತ್ತರದ ಆಳು, ಕುತ್ತಿಗೆ ಸ್ವಲ್ಪ ಮುಂದೆ. ಎರಡೂ ಕೈ ಸದಾ ಬೆನ್ನ ಹಿಂದೆ, ಯಾರೋ ಕಟ್ಟಿಹಾಕಿದ ಹಾಗೆ. ಏನನ್ನೂ ಮುಟ್ಟಬಾರದು ಎಂಬ ಅಭ್ಯಾಸ ಅದು ಅಂತ ಆಮೇಲೆ ತಿಳಿಯಿತು. ಗಡಿಯಾರ ಕಟ್ಟುತ್ತಿರಲಿಲ್ಲ, ಕಿಸೆಯಲ್ಲಿ ಪೆನ್ನಿಲ್ಲ, ಅದರ ಕೊಂಡಿಯಲ್ಲಿ ಕಬ್ಬಿಣವಿರುತ್ತದೆ ಅಂತ.

“ಮಿಸ್ತ್ರಿ, ಎರಡು ಸೀಸದ ಗುಂಡು ಬೇಕಿತ್ತು. ಒಂದೊಂದು ಹದಿನೈದು ಕಿಲೋ. ಒಂದರ ಹಾಗೇ ಇನ್ನೊಂದು ಇರ್ಬೇಕು.”

“ಯಾರ ತಲೀಮ್ಯಾಲ ಹಾಕಾವ್ರು ಸರ?”

“ಯಾರಿಗೂ ಹಾಕ್ಲಿಕ್ಕಲ್ಲ ಮಾರಾಯ. ಭೂಮಿ ತೂಗ್ಲಿಕ್ಕೆ.”

“ಹದಿನೈದು ಕಿಲೋದ ಕಲ್ಲು ಇಟ್ಟು ಭೂಮಿ ತೂಗ್ತೀರಿ? ನಮ್ಮ ಮಾರ್ಕೆಟ್ ಯಾರ್ಡಿನ ಅಡತಿ ದಲಾಲಿಗಿಂತ ನೀವ ಶ್ಯಾಣ್ಯಾ ಅದೀರಿ ಬಿಡ್ರಿ.”

ನಗಲಿಲ್ಲ. ನನ್ನ ಮಾತಿಗೆ ನಗದವರನ್ನು ಕಂಡರೆ ನನಗೆ ಅವಮಾನ. ಅವರು ನನ್ನ ಲೇತಿನ ಪಕ್ಕ ನಿಂತು ಮಕ್ಕಳಿಗೆ ಹೇಳುವಷ್ಟು ನಿಧಾನವಾಗಿ ಹೇಳಿದರು. ಜಗತ್ತಿನಲ್ಲಿ ಪ್ರತಿಯೊಂದು ವಸ್ತುವೂ ಇನ್ನೊಂದನ್ನು ಎಳೆಯುತ್ತದೆ. ಭೂಮಿ ಮಾವಿನಹಣ್ಣನ್ನು ಎಳೆದಂತೆ ಸೀಸದ ಗುಂಡು ಗೋಲಿಯನ್ನು ಎಳೆಯುತ್ತದೆ, ಆದರೆ ತೀರಾ ಸಣ್ಣ ಎಳೆತ. ಅದು ಎಷ್ಟು ಅಂತ ಕರಾರುವಾಕ್ಕಾಗಿ ಗೊತ್ತಾದರೆ ಭೂಮಿಯ ತೂಕವೂ ಗೊತ್ತಾಯಿತು, ಸೂರ್ಯನದೂ ಗೊತ್ತಾಯಿತು. ತಮಾಷೆಯೆಂದರೆ, ದೊಡ್ಡ ದೊಡ್ಡ ದೇಶದವರು ಅಳೆದ ಅಂಕಿಗಳು ಇವತ್ತಿಗೂ ಒಂದಕ್ಕೊಂದು ಕೂಡುವುದಿಲ್ಲ. ಎಲ್ಲರೂ ಜಾಣರು, ಎಲ್ಲರೂ ಜಾಗ್ರತೆ ಮಾಡಿದವರು, ಎಲ್ಲರೂ ತಮ್ಮದೇ ಸರಿ ಅನ್ನುವವರು. ಯಾಕೆ ಕೂಡುವುದಿಲ್ಲ ಅನ್ನುವುದು ಯಾರಿಗೂ ಗೊತ್ತಿಲ್ಲ.

“ಅಂದ್ರ ನಾವೂ ನೀವೂ ಒಬ್ಬರನ್ನೊಬ್ಬರು ಎಳೀಲಿಕತ್ತೀವೇನ್ರಿ ಈಗ?”

“ಹೌದು.”

“ಮತ್ತ ನಿಮ್ಮ ಹತ್ರ ಯಾರೂ ಯಾಕ ಸುಳಿಯಂಗಿಲ್ಲ?”

ತಪ್ಪು ಮಾತಾಡಿದೆ ಅಂತ ನಾಲಿಗೆ ಕಚ್ಚಿಕೊಂಡೆ. ಅವರು ನಿಜವಾಗಿ ಯೋಚಿಸಿದರು. “ಎಳೆತ ಉಂಟು,” ಅಂದರು. “ತುಂಬ ಸಣ್ಣದು.”

ಗುಂಡುಗಳನ್ನು ಅಚ್ಚು ಹೊಯ್ದು, ತಿರುವಿ, ಉಜ್ಜಿ, ನಲವತ್ತು ದಿನಕ್ಕೆ ಕೊಟ್ಟೆ. ಎರಡರ ನಡುವೆ ಒಂದು ಅಕ್ಕಿಕಾಳಿನ ತೂಕದ ವ್ಯತ್ಯಾಸವೂ ಇರಲಿಲ್ಲ. ಅವರು ಅವನ್ನು ನೋಡಿದರು. ಬೆನ್ನ ಹಿಂದಿನ ಕೈ ಮುಂದೆ ತಂದು ಒಂದು ಗುಂಡಿನ ತಲೆಯನ್ನು ಒಮ್ಮೆ ಸವರಿದರು. ಅದಕ್ಕಿಂತ ದೊಡ್ಡ ಸರ್ಟಿಫಿಕೇಟು ನನಗೆ ಯಾರೂ ಕೊಟ್ಟಿಲ್ಲ.

ನೆಲಮಾಳಿಗೆಯಲ್ಲಿ ಅವರು ಕಟ್ಟಿದ್ದನ್ನು ಈಗ ಹೇಳಬೇಕು. ಚಾವಣಿಯಿಂದ ಕೂದಲಿಗಿಂತ ತೆಳುವಾದ ತಂತಿ. ಅದರ ತುದಿಗೆ ಒಂದು ಅಡ್ಡ ಕಡ್ಡಿ, ಕಡ್ಡಿಯ ಎರಡೂ ತುದಿಗೆ ಗೋಲಿಯಷ್ಟು ಗುಂಡು, ನಡುವೆ ಉಗುರಿನಷ್ಟು ಕನ್ನಡಿ. ಸುತ್ತ ಗಾಜಿನ ಪೆಟ್ಟಿಗೆ. ನನ್ನ ಸೀಸದ ಗುಂಡುಗಳನ್ನು ಹಗ್ಗ ಎಳೆದು ಮೊದಲು ಒಂದು ಪಕ್ಕಕ್ಕೆ, ಎರಡು ತಾಸಿನ ಮೇಲೆ ಇನ್ನೊಂದು ಪಕ್ಕಕ್ಕೆ ತರಬೇಕು. ಆಗ ಕಡ್ಡಿ ಇಷ್ಟೇ ಇಷ್ಟು ತಿರುಗುತ್ತದೆ, ಕನ್ನಡಿಯಿಂದ ಬಿದ್ದ ಬೆಳಕಿನ ಚುಕ್ಕೆ ಎದುರಿನ ಅಳತೆಪಟ್ಟಿಯ ಮೇಲೆ ಸರಿಯುತ್ತದೆ. ಆ ಸರಿದಾಟವೇ ಅವರ ಹನ್ನೊಂದು ವರ್ಷ.

ತೊಡಕು ಏನೆಂದರೆ ಸೀಸ ಎಳೆದಂತೆ ಮನುಷ್ಯನ ಮೈಯೂ ಎಳೆಯುತ್ತದೆ. ಹೀಗಾಗಿ ಅಳತೆಯ ಹೊತ್ತಿಗೆ ಆ ಕೋಣೆಯಲ್ಲಿ ಯಾರೂ ಇರುವಂತಿಲ್ಲ, ಅವರೂ ಇರುವಂತಿಲ್ಲ. ಪಡಸಾಲೆಯ ದೂರದ ತುದಿಯಲ್ಲಿ ಸ್ಟೂಲು ಹಾಕಿಕೊಂಡು, ಗೋಡೆಯ ತೂತಿನಿಂದ ದೂರದರ್ಶಕದಲ್ಲಿ ಚುಕ್ಕೆಯನ್ನು ನೋಡುತ್ತಿದ್ದರು. ಉಳಿದ ಹೊತ್ತಿನಲ್ಲಿ ಒಳಗೆ ಹೋಗುವವರಿಗೆ ಒಂದು ಕಾನೂನು. ಬಾಗಿಲಲ್ಲಿ ತಮ್ಮನ ಹೋಟೆಲಿನಿಂದ ತಂದ, ಅಕ್ಕಿಚೀಲ ತೂಗುವ ಯಂತ್ರ ಇಟ್ಟಿದ್ದರು. ಅದರ ಮೇಲೆ ನಿಂತು, ತೂಕವನ್ನು ಪುಸ್ತಕದಲ್ಲಿ ಬರೆದು, ಒಳಗೆ ನೆಲದ ಮೇಲೆ ಸುಣ್ಣದಲ್ಲಿ ಬರೆದ ಹೆಜ್ಜೆಗುರುತಿನ ಮೇಲೇ ನಿಲ್ಲಬೇಕು. ಕಸ ಗುಡಿಸುವ ಹೆಂಗಸಿನಿಂದ ಹಿಡಿದು ಪ್ರಿನ್ಸಿಪಾಲರವರೆಗೆ. ಪ್ರಿನ್ಸಿಪಾಲರು ತೂಕ ಹೇಳಲು ನಾಚಿ ಆಮೇಲೆ ಕೆಳಗೆ ಇಳಿಯಲೇ ಇಲ್ಲ.

ನಾನು ಬಿಡುತ್ತೇನೆಯೇ? ಒಂದು ದಿನ ಎರಡೂ ಕಿಸೆಗೆ ಬೋಲ್ಟು, ನಟ್ಟು ತುಂಬಿಕೊಂಡು ತೂಗಿಸಿಕೊಂಡೆ. ಮರುದಿನ ಖಾಲಿ ಕಿಸೆ.

“ಮಿಸ್ತ್ರಿ, ಎಂತದು ಇದು? ನಿನ್ನೆಯಿಂದ ಇವತ್ತಿಗೆ ನಾಲ್ಕು ಕಿಲೋ ಇಳಿದಿದ್ದೀ!”

“ಚಿಂತೀರಿ ಸರ. ನಿಮ್ಮ ಭೂಮಿದ ಚಿಂತಿ.”

“ತಮಾಷೆ ಅಲ್ಲ ಮಾರಾಯ. ಇವತ್ತೇ ಡಾಕ್ಟರ ಹತ್ರ ಹೋಗು. ನಾನೂ ಬರ್ತೇನೆ.”

ಬಂದೇಬಿಟ್ಟರು. ರಿಕ್ಷಾದಲ್ಲಿ ಅರ್ಧ ದಾರಿಗೆ ಬಂದಾಗ ನಾನು ಹೊರಡುವಾಗ ಕಿಸೆಗೆ ಹಾಕಿಕೊಂಡಿದ್ದ ಒಂದು ಬೋಲ್ಟು ತೆಗೆದು ಅವರ ಅಂಗೈ ಮೇಲೆ ಇಟ್ಟೆ. ಬಹಳ ಹೊತ್ತು ಅದನ್ನೇ ನೋಡಿದರು. “ಹಾಗಾದ್ರೆ ನೀನು ಸರಿ ಇದ್ದೀ,” ಅಂದರು. ಅಷ್ಟೇ. ಸಿಟ್ಟಿಲ್ಲ, ನಗುವಿಲ್ಲ. ಸಮಾಧಾನ ಮಾತ್ರ. ನನ್ನ ಹೆಂಡತಿ ತೀರಿ ಆಗ ಒಂದು ವರ್ಷ. ನನ್ನ ಮೈ ಇಳಿದದ್ದನ್ನೋ ಏರಿದ್ದನ್ನೋ ನೋಡುವವರು ಆ ಊರಿನಲ್ಲಿ ಬೇರೆ ಯಾರೂ ಇರಲಿಲ್ಲ. ಮರುದಿನ ಪುಸ್ತಕದಲ್ಲಿ ನನ್ನ ಹೆಸರಿನ ಮುಂದೆ ಅವರ ಅಕ್ಷರದಲ್ಲಿ ‘ಕಿಸೆಯಲ್ಲಿ ಕಬ್ಬಿಣ’ ಅಂತ ಬರೆದಿತ್ತು.

ಕ್ಯಾಂಟೀನಿನಲ್ಲಿ ಅವರನ್ನು ಮಾತಿಗೆಳೆಯುವ ಉಪಾಯ ನನಗೊಬ್ಬನಿಗೇ ಗೊತ್ತಿತ್ತು. “ಸರ, ನಿಮ್ಮ ಶಾಸ್ತ್ರದಾಗ ಗೊತ್ತಿಲ್ಲದ್ದು ಏನದ ಹೇಳ್ರಲ್ಲ” ಅಂದರೆ ಸಾಕು. ಗೊತ್ತಿರುವುದನ್ನು ಕೇಳಿದರೆ ಪುಸ್ತಕ ನೋಡು ಅನ್ನುತ್ತಿದ್ದರು. ಗೊತ್ತಿಲ್ಲದ್ದನ್ನು ಕೇಳಿದರೆ ಕಣ್ಣು ಹೊಳೆಯುತ್ತಿತ್ತು. ಒಮ್ಮೆ ಬಾಗಿಲಿಗೆ ಹಚ್ಚುವ ಸಣ್ಣ ಅಯಸ್ಕಾಂತದಿಂದ ಒಂದು ಗುಂಡುಸೂಜಿಯನ್ನು ಎತ್ತಿ ತೋರಿಸಿದರು. “ಕೆಳಗೆ ಇಡೀ ಭೂಮಿ ಎಳೀತಾ ಉಂಟು. ಮೇಲೆ ಇಷ್ಟು ಸಣ್ಣ ತುಂಡು. ಗೆದ್ದದ್ದು ಯಾವುದು? ಭೂಮಿಯ ಸೆಳೆತ ಇಷ್ಟು ಬಡವ ಯಾಕೆ? ಗೊತ್ತಿಲ್ಲ.” ಆಕಾಶದಲ್ಲಿ ನಕ್ಷತ್ರಗಳ ಗುಂಪು ಚೆದುರದ ಹಾಗೆ ಏನೋ ಹಿಡಿದಿಟ್ಟಿದೆ, ಕಣ್ಣಿಗೂ ಕಾಣದು, ದುರ್ಬೀನಿಗೂ ಕಾಣದು. ಅದೇನು? ಗೊತ್ತಿಲ್ಲ. ಚಹಾದ ಕಪ್ಪು ಒಡೆದರೆ ಚೂರಾಗುತ್ತದೆ, ಚೂರು ತಾನಾಗಿ ಕಪ್ಪಾಗುವುದಿಲ್ಲ. ಕಾಲ ಒಂದೇ ಕಡೆ ಯಾಕೆ ಹೋಗುತ್ತದೆ? ಅರ್ಧ ಗೊತ್ತು, ಅರ್ಧ ಗೊತ್ತಿಲ್ಲ.

ಜವಾನ ತಾತ್ಯಾ ಕಪ್ಪು ತೆಗೆದುಕೊಂಡು ಹೋಗುತ್ತ ನನಗೆ ಹೇಳುತ್ತಿದ್ದ, “ಸರಾನ್ನಾ ಕಾಹೀಚ ಮಾಹಿತ್ ನಾಹೀ, ಆಣಿ ಪಗಾರ್ ಎವ್ಹಢಾ!” ಏನೂ ಗೊತ್ತಿಲ್ಲದವರಿಗೆ ಇಷ್ಟು ಪಗಾರವೇ ಅಂತ. ಅದಕ್ಕೆ ಮಾತ್ರ ಸರ್ ನಕ್ಕಿದ್ದನ್ನು ನೋಡಿದ್ದೇನೆ.

ಈಗ ಗುರುವಾರಕ್ಕೆ ಬರುತ್ತೇನೆ. ಪುಣೆಯಲ್ಲಿ ಗುರುವಾರ ಅಂದರೆ ಗೊತ್ತಲ್ಲ, ರಿಪೇರಿಯ ದಿನ. ನಮ್ಮ ಕಡೆ ಆಗ ಬೆಳಗಿನಿಂದ ಕರೆಂಟು ಇರುತ್ತಿರಲಿಲ್ಲ, ನಳಕ್ಕೆ ನೀರು ಬರುತ್ತಿರಲಿಲ್ಲ. ಕಾಲೇಜಿನಲ್ಲಿ ಪಂಖ ನಿಂತಿತು, ಲಿಫ್ಟು ನಿಂತಿತು, ನನ್ನ ಲೇತು ನಿಂತಿತು. ಸರ್‌ಗೆ ಅದು ಹಬ್ಬ. ವಾರದಲ್ಲಿ ಆ ಒಂದು ದಿನ ಕಟ್ಟಡ ನಡುಗುವುದಿಲ್ಲ. ಉಳಿದ ದಿನ ಬೆಳಗಿನ ಹೊತ್ತು ಒಂದು ಅಳತೆ, ಗುರುವಾರ ಹನ್ನೆರಡರಿಂದ ನಾಲ್ಕರ ತನಕ ದೊಡ್ಡ ಅಳತೆ. ದೀಪ ಬ್ಯಾಟರಿಯ ಮೇಲೆ. ಊಟ ತಮ್ಮನ ಹೋಟೆಲಿನ ಡಬ್ಬಿ, ಸ್ಟೂಲಿನ ಮೇಲೆ ಕೂತು, ದೂರದರ್ಶಕದಿಂದ ಕಣ್ಣು ತೆಗೆಯದೆ.

ನನಗೆ ಕೆಲಸವಿಲ್ಲ. ಮನೆಗೆ ಹೋದರೆ ಗೋಡೆ. ಅಳತೆಯ ಕೋಣೆಗೆ ಅಂಟಿಕೊಂಡು ಒಂದು ಉಗ್ರಾಣವಿತ್ತು, ಮುರಿದ ಬೆಂಚುಗಳದು, ಅದಕ್ಕೆ ಇಳಿಯುವ ಮೆಟ್ಟಿಲು ಹಿತ್ತಲ ಕಡೆಯಿಂದ. ನೆಲ ತಣ್ಣಗೆ. ಬೇಸಿಗೆಯ ಒಂದು ಗುರುವಾರ ಎರಡು ಗಂಟೆಗೆ ಊಟ ಮುಗಿಸಿ ಅಲ್ಲಿ ಚಾಪೆ ಹಾಸಿದೆ. ಬೀಗದ ಕೈ ತಾತ್ಯಾನ ಹತ್ತಿರ. ಅವನು ನನ್ನನ್ನು ಒಳಗೆ ಬಿಟ್ಟು ಹೊರಗಿನಿಂದ ಬೀಗ ಹಾಕಿ ನಾಲ್ಕಕ್ಕೆ ತೆಗೆಯುತ್ತಿದ್ದ. ಹೆಡ್‌ಕ್ಲಾರ್ಕಿಗೆ ಗೊತ್ತಾಗಬಾರದಲ್ಲ. ಮೇಲೆ ಒಂದು ಗವಾಕ್ಷಿ. ಅದರಿಂದ ಸರ್ ದನಿ ಬರುತ್ತಿತ್ತು. ಚುಕ್ಕೆ ನಿಂತ ಅಂಕಿಯನ್ನು ಅವರು ಗಟ್ಟಿಯಾಗಿ ಓದಿ ಆಮೇಲೆ ಬರೆದುಕೊಳ್ಳುತ್ತಿದ್ದರು. ಕೇಳುವವರು ಯಾರೂ ಇಲ್ಲ, ಆದರೂ ಗಟ್ಟಿಯಾಗಿ. ಅದೂ ಕನ್ನಡದಲ್ಲಿ. “ನಲವತ್ತೊಂದು ಬಿಂದು ಆರು… ನಲವತ್ತೊಂದು ಬಿಂದು ಏಳು…” ದಿನವಿಡೀ ಮರಾಠಿ, ಹಿಂದಿ ಕೇಳಿದ ಕಿವಿಗೆ ಆ ಅಂಕಿಗಳು ಜೋಗುಳ. ನಾನು ಎಪ್ಪತ್ತಕ್ಕೆ ಹತ್ತಿರದ ತೂಕದ ದೇಹವನ್ನು ಗೋಡೆಗೆ ಅಂಟಿಸಿ ಹಾಯಾಗಿ ನಿದ್ದೆ ಹೋಗುತ್ತಿದ್ದೆ.

ನಾಲ್ಕೈದು ವಾರ ಕಳೆಯಿತು. ಒಂದು ದಿನ ಸರ್ ವರ್ಕ್‌ಶಾಪಿಗೆ ಬಂದು ಬಾಗಿಲಲ್ಲೇ ನಿಂತರು.

“ಮಿಸ್ತ್ರಿ, ಗುರುವಾರ ಏನೋ ಆಗ್ತಾ ಉಂಟು. ಉಳಿದ ಎಲ್ಲ ದಿನ ಅಂಕಿ ಒಂದೇ. ಗುರುವಾರ ಮಾತ್ರ ಬೇರೆ. ಅದೂ ಎರಡನೇ ಅರ್ಧದಲ್ಲಿ.”

ತಾತ್ಯಾ ಅಲ್ಲೇ ಇದ್ದ. “ಗುರುವಾರ್ ಮ್ಹಣ್ಜೇ ದತ್ತಾಚಾ ವಾರ್, ಸರ್,” ಅಂದ. ದತ್ತನ ವಾರ, ಆದದ್ದು ಅವನಿಂದಲೇ ಅಂತ ಅವನ ತೀರ್ಮಾನ. ನನ್ನ ಮುಖ ಅವನು ನೋಡಲಿಲ್ಲ, ಅವನ ಮುಖ ನಾನು ನೋಡಲಿಲ್ಲ.

ಸರ್ ಮೊದಲು ಕರೆಂಟಿನ ಮೇಲೆ ಅನುಮಾನಪಟ್ಟರು. ತಂತಿಯಲ್ಲಿ ಕರೆಂಟು ಹರಿಯುವಾಗ ಒಂದು ಸೆಳೆತ ಇರುತ್ತದಂತೆ, ಹರಿಯದಿದ್ದಾಗ ಇರುವುದಿಲ್ಲವಂತೆ. ಒಂದು ತಿಂಗಳು ಅದನ್ನು ಹುಡುಕಿದರು. ಆಮೇಲೆ ಮಾಳಿಗೆಯ ಮೇಲಿನ ನೀರಿನ ಟಾಕಿ. ಗುರುವಾರ ನೀರು ಬಾರದೆ ಟಾಕಿ ಖಾಲಿಯಾಗುತ್ತದೆ, ಅಷ್ಟು ಟನ್ನು ತೂಕ ತಲೆಯ ಮೇಲಿಂದ ಕಡಿಮೆಯಾದರೆ ಚುಕ್ಕೆ ಸರಿಯಬಹುದು. ಎಂಥ ತಲೆ ನೋಡಿ! ಅರ್ಧ ಗಂಟೆಗೊಮ್ಮೆ ಟಾಕಿಗೆ ಕೋಲು ಇಳಿಸಿ ನೀರಿನ ಮಟ್ಟ ಗುರುತು ಮಾಡಲು ಅವರು ನೇಮಿಸಿದ್ದು ಯಾರನ್ನು? ನನ್ನನ್ನು. ನಾನು ಒಂದೂವರೆಯ ತನಕ ಪ್ರಾಮಾಣಿಕವಾಗಿ ಕೋಲು ಇಳಿಸಿ, ಮೊಣಕಾಲು ನೋವು ಅಂತ ಕೋಲನ್ನು ತೋಟದವನಿಗೆ ಕೊಟ್ಟು, ಎರಡಕ್ಕೆ ಉಗ್ರಾಣದಲ್ಲಿ ಹಾಜರು.

ಇದು ನನ್ನ ಮೈಯ ಎಳೆತವೇ ಇರಬಹುದೇ ನೋಡೋಣ ಅಂತ ಒಂದು ಗುರುವಾರ ಬೇಕೆಂದೇ ಹೋಗಲಿಲ್ಲ. ಸಂಜೆ ಸರ್ ಹೇಳಿದರು, ಇವತ್ತು ಚುಕ್ಕೆ ಸರಿಯಲಿಲ್ಲ ಅಂತ. ಮುಂದಿನ ವಾರ ಹೋದೆ. ಸರಿಯಿತು. ಆಹಾ! ನನ್ನ ಖುಷಿ ನೀವು ನೋಡಬೇಕಿತ್ತು. ಆ ಚುಕ್ಕೆ ಪುಣೆಯಲ್ಲಿ ಯಾರ ಮಾತೂ ಕೇಳುವುದಿಲ್ಲ, ನಾನು ಮಲಗಿದರೆ ಮಾತ್ರ ಕೇಳುತ್ತದೆ. ನನ್ನ ಬದುಕಿನ ಅತಿ ದೊಡ್ಡ ಕೀಟಲೆ, ಅದಕ್ಕೆ ತಕ್ಕ ಗಳಿಗೆ ಬೇಕು. ಖಂಡೇನವಮಿ ಅಂತ ನಿಶ್ಚಯಿಸಿದೆ. ಅವತ್ತು ಯಂತ್ರಗಳಿಗೆಲ್ಲ ಪೂಜೆ, ಇಡೀ ವಿಭಾಗ ನನ್ನ ವರ್ಕ್‌ಶಾಪಿನಲ್ಲಿ ಪೇಢೆ ತಿನ್ನಲು ಸೇರುತ್ತದೆ. ಎಲ್ಲರೆದುರು ಚಾಪೆ ಬಿಚ್ಚಿ ಹಾಸಿ ತೋರಿಸುವುದು.

ಖಂಡೇನವಮಿ ಬಂತು. ಲೇತಿಗೆ ಚೆಂಡು ಹೂವಿನ ಮಾಲೆ ಹಾಕಿದೆ. ಚಾಪೆಯನ್ನು ಸುತ್ತಿ ಬೆಂಚಿನ ಕೆಳಗೆ ಇಟ್ಟುಕೊಂಡಿದ್ದೆ. ಎಲ್ಲರೂ ಬಂದರು, ಸರ್ ಬಂದರು, ವಿಭಾಗದ ಮುಖ್ಯಸ್ಥರು ಬಂದರು. ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಮುಖ್ಯಸ್ಥರು ಪೇಢೆ ಬಾಯಿಗಿಟ್ಟುಕೊಂಡು ಸರ್‌ಗೆ ಮರಾಠಿಯಲ್ಲಿ ಹೇಳಿದರು. “ಸೋಡಾ ಹೋ ತೇ ಗುರುವಾರ್. ಆ ಗುರುವಾರಗಳನ್ನು ಬಿಟ್ಟುಬಿಡಿ. ಉಳಿದ ದಿನದ ಅಂಕಿ ಚೆನ್ನಾಗಿದೆ, ಬರೆದು ಕಳಿಸಿ. ಮೇ ತಿಂಗಳಿಗೆ ನಿಮ್ಮ ನಿವೃತ್ತಿ. ಆಮೇಲೆ ಕೋಣೆ ಕೊಡಲು ನನ್ನಿಂದಾಗುವುದಿಲ್ಲ.”

“ಬಿಡೋದು ಹೇಗೆ?” ಅಂದರು ಸರ್, ಅದೂ ಮರಾಠಿಯಲ್ಲಿ, ಮೆಲ್ಲಗೆ. “ಕಾರಣ ಗೊತ್ತಿದ್ದರೆ ಬಿಡಬಹುದು. ಕಾರಣ ಗೊತ್ತಿಲ್ಲದೆ ಬಿಟ್ಟರೆ, ನನಗೆ ಬೇಕಾದದ್ದನ್ನು ಮಾತ್ರ ಇಟ್ಟುಕೊಂಡ ಹಾಗೆ. ಅದು ಅಳತೆ ಅಲ್ಲ.”

“ಹಾಗಾದರೆ ಹನ್ನೊಂದು ವರ್ಷ?”

ಸರ್ ನನ್ನ ಕಡೆ ತಿರುಗಿ ಕನ್ನಡದಲ್ಲಿ ಅಂದರು, “ಪೇಢೆ ಒಳ್ಳೇದುಂಟು ಮಿಸ್ತ್ರಿ.” ಅವರ ಕೈಯಲ್ಲಿದ್ದ ಪೇಢೆ ಹಾಗೇ ಇತ್ತು, ಒಂದು ಚೂರೂ ಕಚ್ಚಿರಲಿಲ್ಲ.

ನನ್ನ ಬಾಯಿಗೆ ಯಾರೋ ವೆಲ್ಡಿಂಗ್ ಹಾಕಿದ ಹಾಗಾಯಿತು. ಎಲ್ಲರೂ ಹೋದ ಮೇಲೆ ಚಾಪೆ ತೆಗೆದುಕೊಂಡು ಮನೆಗೆ ಹೋದೆ. ನಾನು ಏನು ಲೆಕ್ಕ ಹಾಕಿದೆ ಗೊತ್ತೇ? ಹೇಳಲು ಧೈರ್ಯವಿಲ್ಲ, ಆದರೆ ಮಲಗುವುದನ್ನು ನಿಲ್ಲಿಸಬಹುದು. ನಿಲ್ಲಿಸಿದರೆ ಗುರುವಾರ ಸರಿಹೋಗುತ್ತದೆ, ಸರ್ ಬರೆದು ಕಳಿಸುತ್ತಾರೆ, ಎಲ್ಲ ಸುಖಾಂತ. ಲೇತಿನ ಮೇಲೆ ಕೂದಲಿನಷ್ಟು ತಪ್ಪದ ನಾನು ಇಲ್ಲಿ ಮೈಲುಗಟ್ಟಲೆ ತಪ್ಪಿದೆ. ಅವತ್ತಿನಿಂದ ಚುಕ್ಕೆ ಸರಿಯಲಿಲ್ಲ. ಒಂದು ವಾರ, ಎರಡು ವಾರ, ಎರಡು ತಿಂಗಳು. ಸರ್ ಖುಷಿಪಡುತ್ತಾರೆ ಅಂದುಕೊಂಡರೆ ಅವರು ಇನ್ನೂ ಬಾಡಿಹೋದರು.

“ಈಗ ಛಲೋ ಆತಲ್ರಿ ಸರ, ಹ್ವಾದದ್ದು ಹೋತು. ಬರದು ಕಳಸ್ರಿ.”

“ಎಂತ ಬರೀಲಿ ಮಾರಾಯ? ಬಂದದ್ದು ಯಾಕೆ ಅಂತ ಗೊತ್ತಿರ್ಲಿಲ್ಲ. ಈಗ ಹೋದದ್ದು ಯಾಕೆ ಅಂತಲೂ ಗೊತ್ತಿಲ್ಲ. ಮೊದಲು ಒಂದು ಪ್ರಶ್ನೆ ಇ‌ತ್ತು, ಈಗ ಎರಡಾಯ್ತು. ನಾಳೆ ಮತ್ತೆ ಬರೋದಿಲ್ಲ ಅಂತ ನಾನು ಹೇಗೆ ಸಹಿ ಹಾಕ್ಲಿ?”

ಆಗಲಾದರೂ ಹೇಳಬೇಕಿತ್ತು. “ಸರ, ಅದು ನಾನಽ” ಅಂದರೆ ಮುಗಿಯುತ್ತಿತ್ತು. ಆದರೆ ಆರು ತಿಂಗಳು ಟಾಕಿಗೆ ಕೋಲು ಇಳಿಸಿದ ಮೇಲೆ ಹೇಗೆ ಹೇಳುವುದು? ನಗಿಸುವ ಗಳಿಗೆ ದಾಟಿಹೋಗಿತ್ತು. ಇನ್ನೊಂದು ಭಯವೂ ಇತ್ತು. ಹೇಳಿದರೆ ಅವರು ಬೈಯುವುದಿಲ್ಲ, ಆ ಬೋಲ್ಟು ನೋಡಿದ ಹಾಗೆ ನನ್ನನ್ನು ನೋಡುತ್ತಾರೆ. ಅದೊಂದು ನನ್ನಿಂದ ತಡೆಯಲಾಗುತ್ತಿರಲಿಲ್ಲ.

ಅವರು ಏನನ್ನೂ ಬರೆದು ಕಳಿಸಲಿಲ್ಲ. ಮೇ ತಿಂಗಳು ಬೀಳ್ಕೊಡುಗೆ. ಒಬ್ಬ ವಿದ್ಯಾರ್ಥಿನಿ ಎದ್ದು, ಭೌತಶಾಸ್ತ್ರದಲ್ಲಿ ಉತ್ತರ ಸಿಗದ ದೊಡ್ಡ ಪ್ರಶ್ನೆಗಳು ಯಾವುವು ಸರ್ ಅಂತ ಕೇಳಿದಳು. ಕಾಣದ ವಸ್ತು, ಕಾಲದ ದಿಕ್ಕು, ಎಲ್ಲಕ್ಕೂ ಮೊದಲು ಏನಿತ್ತು, ಎಲ್ಲ ಹೇಳಿದರು. ಕೊನೆಗೆ, “ಇನ್ನೊಂದು ಸಣ್ಣದು ನಮ್ಮ ನೆಲಮಾಳಿಗೆಯಲ್ಲಿದೆ. ಕೆಲವು ಗುರುವಾರ ಮಧ್ಯಾಹ್ನ ಅಲ್ಲಿ ಸುಮಾರು ಒಬ್ಬ ಮನುಷ್ಯನಷ್ಟು ತೂಕ ಎಲ್ಲಿಂದಲೋ ಬಂದು ಹೋಗುತ್ತಿತ್ತು. ನಿಮಗೆ ಯಾರಿಗಾದರೂ ತಿಳಿದರೆ ನನಗೆ ಕಾರ್ಡು ಬರೆಯಿರಿ” ಅಂದರು. ಸಭೆ ಗೊಳ್ಳೆಂದು ನಕ್ಕಿತು. ಅಷ್ಟು ವರ್ಷ ಜನರನ್ನು ನಗಿಸಲು ನಾನು ಪಟ್ಟ ಪಾಡು ಅವರು ಒಂದೇ ಮಾತಿನಲ್ಲಿ ಮಾಡಿ ತೋರಿಸಿದರು. ನಾನೊಬ್ಬನೇ ನಗಲಿಲ್ಲ.

ಗಾಜಿನ ಪೆಟ್ಟಿಗೆ ಯಾರೋ ಒಯ್ದರು. ಆ ಕೋಣೆಯಲ್ಲಿ ಈಗ ಝೆರಾಕ್ಸ್ ಯಂತ್ರವಿದೆ. ಸರ್ ಕೊಂಢವಾದಲ್ಲಿ ನಾಲ್ಕನೆಯ ಮಹಡಿಯ ಒಂದು ಫ್ಲ್ಯಾಟಿನಲ್ಲಿ ಒಬ್ಬರೇ ಇದ್ದರು. ತಮ್ಮನ ಮನೆಯವರು ಎಷ್ಟು ಕರೆದರೂ ಹೋಗಲಿಲ್ಲ. ಮಧ್ಯಾಹ್ನ ಮಾತ್ರ ಡಬ್ಬಿ ಬರುತ್ತಿತ್ತು. ಪುಣೆಯ ಟ್ರಾಫಿಕ್ಕಿನಲ್ಲಿ ಯೆರವಡಾದಿಂದ ಕೊಂಢವಾ ಅಂದರೆ ಪರದೇಶ. ಅದನ್ನೇ ನೆಪ ಮಾಡಿಕೊಂಡು ವರ್ಷಗಟ್ಟಲೆ ಹೋಗಲಿಲ್ಲ. ಹೋದ ಚಳಿಗಾಲದಲ್ಲಿ, ಅವರಿಗೆ ಮೈ ಸರಿಯಿಲ್ಲ ಅಂತ ಕೇಳಿ, ಎರಡು ಬಸ್ಸು ಬದಲಿಸಿ ಹೋದೆ.

ಬಾಗಿಲು ಅವರೇ ತೆಗೆದರು. ಅಂಗಿಯೊಳಗೆ ಮನುಷ್ಯನೇ ಇರಲಿಲ್ಲ. ಎರಡು ಪ್ಲಾಸ್ಟಿಕ್ ಕುರ್ಚಿ, ಒಂದರ ಮೇಲೆ ಪೇಪರಿನ ರಾಶಿ. ಆ ಕುರ್ಚಿಯಲ್ಲಿ ಬಹಳ ದಿನದಿಂದ ಯಾರೂ ಕೂತಂತಿರಲಿಲ್ಲ. ಅವರೇ ಚಹಾ ಮಾಡಿದರು, ಸಕ್ಕರೆ ಹಾಕಲು ಮರೆತರು. ಹಳೆಯ ಮಾತು, ತಾತ್ಯಾ ತೀರಿಕೊಂಡದ್ದು, ನನ್ನ ಮೊಣಕಾಲು. ಆಮೇಲೆ ಕಪ್ಪು ಕೆಳಗಿಟ್ಟು ಕೇಳಿದರು.

“ಮಿಸ್ತ್ರಿ, ಆ ಗುರುವಾರ ಏನಾಗ್ತಿತ್ತು ಅಂತ ನಿನಗೆ ಏನಾದ್ರೂ ಹೊಳೆದದ್ದುಂಟಾ?”

ನಾನು ಕುರ್ಚಿಯಿಂದ ಇಳಿದು ಅವರ ಕಾಲ ಹತ್ತಿರ ನೆಲದ ಮೇಲೆ ಕೂತೆ. “ಸರ, ಅದು ನಾನು. ಉಗ್ರಾಣದಾಗ ಮಲಗ್ತಿದ್ದೆ. ನಿಮ್ಮ ಹನ್ನೊಂದು ವರ್ಷ ನಾನಽ ನುಂಗಿದೆ” ಅಂದೆ.

“ಗೊತ್ತಿತ್ತು ಮಾರಾಯ,” ಅಂದರು. “ಅರವತ್ತೆಂಟು ಕಿಲೋ, ಗೋಡೆಯಿಂದ ಒಂದೂವರೆ ಅಡಿ. ಲೆಕ್ಕ ಹಾಕಿದೆ. ಪುಸ್ತಕದಲ್ಲಿ ಆ ತೂಕದವ ನೀನೊಬ್ಬನೇ ಇದ್ದದ್ದು.”

“ಮತ್ತ ಯಾಕ ಬರೀಲಿಲ್ರಿ?”

“ಬರೆದ್ರೆ ಕಾರಣ ಬರೀಬೇಕಿತ್ತು. ನಿನ್ನ ನೌಕರಿ ಹೋಗ್ತಿತ್ತು. ಇರ್ಲಿ. ಹನ್ನೊಂದು ವರ್ಷದಲ್ಲಿ ಆ ಗೋಡೆಯ ಆಚೆ ಒಬ್ಬ ಇದ್ದದ್ದು ಆ ಕೆಲವು ತಿಂಗಳು ಮಾತ್ರ.”

ಹೀಗೆ ಹೇಳಿ ನನ್ನ ತಲೆಯ ಮೇಲೆ ಕೈ ಇಟ್ಟರು.

ಇಷ್ಟು ಬರೆದು ಎರಡು ದಿನ ಹಾಗೇ ಇಟ್ಟಿದ್ದೆ. ಹೋಟೆಲಿನ ಆ ಹುಡುಗನಿಗೆ ಓದಲು ಕೊಡುವುದೆಂದೂ ಇದ್ದೆ. ಓದಿದರೆ ಅವನಿಗೆ ಸಮಾಧಾನವಾಗುತ್ತದೆ, ನನಗೂ ಆಗುತ್ತದೆ. ಆದರೆ ಇದರಲ್ಲಿ ಒಂದು ಸುಳ್ಳಿದೆ. ಸೀಸದ ಗುಂಡು ನಿಜ, ತೂಕದ ಪುಸ್ತಕ ನಿಜ, ಟಾಕಿಯ ಕೋಲು ನಿಜ, ಆ ಜರ್ಮನಿಯವನು ಕೂಡ ನಿಜ. ಕೊಂಢವಾದಲ್ಲಿ ನಾನು ಬಾಯಿಬಿಟ್ಟೆ ಅಂತ ಬರೆದೆನಲ್ಲ, ಅದು ಮಾತ್ರ ಕಟ್ಟಿದ್ದು. ಅಲ್ಲಿಂದ ಮುಂದೆ ಅವರ ಬಾಯಲ್ಲಿ ಇಟ್ಟದ್ದೆಲ್ಲ ಅದರ ಬಾಲ.

ಅವರು ಕೇಳಿದ್ದು ನಿಜ. ನಾನು ಖಾಲಿ ಕಪ್ಪಿನೊಳಗೆ ನೋಡುತ್ತ “ಇಲ್ರಿ ಸರ” ಅಂದೆ.

“ನನಗೂ ಇಲ್ಲ,” ಅಂದರು. ಬೆನ್ನ ಹಿಂದೆ ಕೈ ಕಟ್ಟಿಕೊಂಡು ಲಿಫ್ಟಿನ ತನಕ ಬಂದು ನನ್ನನ್ನು ಕಳಿಸಿದರು.